ಮೂರನೆಯ ಬೇರಿಂಗ್

ಔರಂಗಾಬಾದಿನ ದಾರಿಯಲ್ಲಿ ಯೇವಲಾ ದಾಟುವ ಮೊದಲೇ ಆಯಿಲ್ ಪ್ರೆಶರ್‌ ಮುಳ್ಳು ನಲವತ್ತರಿಂದ ಐದಕ್ಕೆ ಇಳಿಯಿತು.

"ಗಾಡಿ ನಿಲ್ಲಸ್ರಿ ಶೆಟ್ರ. ಈಗೇ ಬಂದ್ ಮಾಡ್ರಿ," ಎಂದ ವೈಜನಾಥ.

ನಾಸಿಕದ ಪಂಚವಟಿಯಲ್ಲಿ ಹೋಟೆಲು ನಡೆಸುವ ಉಮಾನಾಥ ಶೆಟ್ಟರು ಆ ಹಳೆಯ ವಿಲಾಯತಿ ಕಾರನ್ನು ಕೊಂಡು ತಿಂಗಳೂ ಆಗಿರಲಿಲ್ಲ. ಕೊಳ್ಳಬಹುದು ಎಂದವನು ಅಲ್ಲಿಯ ಮೆಕ್ಯಾನಿಕ್ ವೈಜನಾಥನೇ. ಔರಂಗಾಬಾದಿನ ಭುಜಂಗ ಮಿಸ್ತ್ರಿ ಎಂಜಿನ್ ಕಟ್ಟಿದ್ದಾರೆಂದು ಮಾರುವವನು ಹೇಳಿದ ಮೇಲೆ ಅವನು ಬಿಚ್ಚಿ ನೋಡುವ ಗೋಜಿಗೇ ಹೋಗಿರಲಿಲ್ಲ. ಬೀದರಿನಿಂದ ಬರಿಗೈಯಲ್ಲಿ ಬಂದವನಿಗೆ ಒಂಬತ್ತು ವರ್ಷ ಅನ್ನ ಹಾಕಿ, ಕೆಲಸ ಕಲಿಸಿದ ಉಸ್ತಾದ ಅವರು.

ವೈಜನಾಥ ಎಣ್ಣೆಯ ಅಳತೆಕಡ್ಡಿ ಎಳೆದು ನೋಡಿದ. ಎಣ್ಣೆ ಭರ್ತಿ ಇತ್ತು. ಮೀಟರೇ ಸುಳ್ಳು ಹೇಳುತ್ತಿರಬಹುದೆಂದರು ಶೆಟ್ಟರು. ಮೀಟರಿನ ಹಿಂದಿನ ತಾಮ್ರದ ನಳಿಗೆ ಸಡಿಲಿಸಿ ಎಂಜಿನನ್ನು ಅರೆಗಳಿಗೆ ಓಡಿಸಿದರೆ, ಚಿಮ್ಮಬೇಕಾದ ಎಣ್ಣೆ ತೊಟ್ಟಿಕ್ಕಿತು. ಮೀಟರು ಸುಳ್ಳು ಹೇಳಿರಲಿಲ್ಲ. ಬೆಳಿಗ್ಗೆ ತಣ್ಣಗೆ ಗಟ್ಟಿಯಾಗಿದ್ದ ಎಣ್ಣೆ ಈಗ ಕಾದು ನೀರಾಗಿ, ಒಳಗೆಲ್ಲೋ ಸವೆದ ಬೇರಿಂಗಿನ ಸಂದಿಯಿಂದ ಸೋರಿಹೋಗುತ್ತಿತ್ತು.

ಯೇವಲಾದ ಗ್ಯಾರೇಜಿಗೆ ಎತ್ತಿನಗಾಡಿ ಕಟ್ಟಿ ಎಳೆಸಿದರು. ವೈಜನಾಥ ಕಾರಿನಡಿ ಮಲಗಿ, ಕೆಳಗಿನ ಎಣ್ಣೆತೊಟ್ಟಿ ಇಳಿಸಿ, ಬೇರಿಂಗುಗಳ ಮುಚ್ಚಳವನ್ನು ಒಂದೊಂದಾಗಿ ಬಿಚ್ಚಿದ. ಮೊದಲೆರಡು ಸರಿ ಇದ್ದವು. ಮೂರನೆಯದರಲ್ಲಿ, ಕರಗಿಸಿ ಹೊಯ್ದು ಕೂರಿಸಿರಬೇಕಾದ ಬಿಳಿ ಲೋಹದ ಒಳಪದರವೇ ಇರಲಿಲ್ಲ. ಅದರ ಜಾಗದಲ್ಲಿ ಸೊಂಟಪಟ್ಟಿಯಿಂದ ಕತ್ತರಿಸಿದ ಚರ್ಮದ ತುಂಡು, ಸುಟ್ಟು ಕರಿಕಾಗಿ ಅಂಟಿಕೊಂಡಿತ್ತು. ಬಡಿಯುವ ಸದ್ದಡಗಿಸಿ ಗಾಡಿ ಮಾರಲು ಮೋಸಗಾರರು ಹೂಡುವ ಆಟ ಅದು.

ಯಾವನೋ ಆಮೇಲೆ ಕೈ ಹಾಕಿದ್ದಾನೆ ಅಂದುಕೊಂಡ. ಅಷ್ಟರಲ್ಲಿ, ಆಗಷ್ಟೇ ಬಿಚ್ಚಿ ಎದೆಯ ಮೇಲಿಟ್ಟುಕೊಂಡಿದ್ದ ತಂತಿ ಕಣ್ಣಿಗೆ ಬಿತ್ತು. ನಟ್ಟು ಸಡಿಲಾಗದಂತೆ ಕಟ್ಟಿದ ತಂತಿ: ಎಡಕ್ಕೆ ಮೂರು ಸುತ್ತು, ತುದಿ ಒಳಮಡಿಕೆ. ಎಡಚ ಉಸ್ತಾದರನ್ನು ಬಿಟ್ಟರೆ ಹಾಗೆ ಕಟ್ಟುತ್ತಿದ್ದವನು ತಾನೊಬ್ಬನೇ. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಜಾರಿ ಹಣೆಗೆ ಬಡಿಯಿತು. ನೋವೇ ತಿಳಿಯಲಿಲ್ಲ. ಶೆಟ್ಟರು ಎರಡು ಸಲ ಕರೆದರೂ ಅವನು ಹೊರಬರಲಿಲ್ಲ.

ಮರುದಿನ ಬಸ್ಸು ಹಿಡಿದು ಔರಂಗಾಬಾದಿಗೆ ಹೋಗಿ ಆ ಚರ್ಮವನ್ನು ಭುಜಂಗ ಮಿಸ್ತ್ರಿಯ ಮುಂದಿಟ್ಟ. ಅವರು ಅಲ್ಲಗಳೆಯುತ್ತಾರೆ, ತಾನು ನಂಬಿಬಿಡುತ್ತೇನೆ ಎಂದೇ ದಾರಿಯುದ್ದಕ್ಕೂ ಅಂದುಕೊಂಡಿದ್ದ. ಮಿಸ್ತ್ರಿ ಅದನ್ನು ತಿರುಗಿಸಿ ನೋಡಿದರು.

"ಲೋಹ ಹೊಯ್ಯಾಕ ಕೈ ನಡುಗ್ತಾವೋ. ಗಿರಾಕಿಗೆ ಆಗಲ್ಲ ಅನ್ನಾಕ ನಾಚಿಕಿ ಬಂತು," ಎಂದರು. "ಗಾಡಿ ನಾಸಿಕದಾಗ ಮಾರ್ತೀನಿ ಅಂದಿದ್ದ ಅಂವಾ. ನಾ ಕಟ್ಟೀನಂದ್ರ ನೀ ಬಿಚ್ಚಂಗಿಲ್ಲಂತ ಗೊತ್ತಿತ್ತು."

ಮೋಸಕ್ಕಿಂತ ಆ ಕೊನೆಯ ಮಾತು ವೈಜನಾಥನನ್ನು ಕಂಗೆಡಿಸಿತು. ಶಾಂತಾಬಾಯಿ, ಮಿಸ್ತ್ರಿಯ ಹೆಂಡತಿ, ಚಹಾ ತರುವಷ್ಟರಲ್ಲಿ ಅವನು ಎದ್ದು ಬಂದಿದ್ದ.

ಯೇವಲಾದಲ್ಲಿ ಕಾಯುತ್ತಿದ್ದ ಶೆಟ್ಟರಿಗೆ ಎಲ್ಲವನ್ನೂ ಹೇಳಿ, "ನಾ ಬಿಚ್ಚಿ ನೋಡದs ತಗೊಳ್ರಿ ಅಂದೆ. ತಪ್ಪು ನಂದು," ಎಂದ.

ಶೆಟ್ಟರು ಬಿಚ್ಚಿಟ್ಟಿದ್ದ ಮೂರನೆಯ ಮುಚ್ಚಳವನ್ನು ಕೈಗೆತ್ತಿಕೊಂಡು ನೋಡಿದರು. ಕೊನೆಗೆ, "ಲೋಹ ಹೊಯ್ಯಲಿಕ್ಕೆ ನಿಮಗೆ ಬರ್ತದಾ?" ಎಂದು ಕೇಳಿದರು.

ಬರುತ್ತಿತ್ತು. ಅದನ್ನೂ ಕಲಿಸಿದವರು ಉಸ್ತಾದರೇ.