ಗೀರು ಬೀಳದ ಹಾಗೆ

"ಏನ್ ಮಾಡ್ದೆ ಅಪ್ಪಾ ನೀನು!"

ಬೀಗದ ಮೇಸ್ತ್ರಿ ತನ್ನ ಹೆಬ್ಬೆರಳಿನ ಉಗುರನ್ನು ನೋಡಿಕೊಂಡ. ಮಾಡಿದ್ದಾದರೂ ಏನು ಮಹಾ? ಮಗಳ ಮೇಜಿನ ಮೇಲೆ, ಅವಳು ಪರೀಕ್ಷೆಗೆಂದು ಇಟ್ಟ ಕ್ಯಾಮೆರಾದ ಮೆಮೊರಿ ಕಾರ್ಡು ಬಿದ್ದಿತ್ತು. ಅದರ ಅಂಚಿನಲ್ಲಿ ಎಳ್ಳುಕಾಳಿನಷ್ಟು ಒಂದು ಬೀಗ. ಜೀವಮಾನವೆಲ್ಲ ಬೀಗ ಬಿಚ್ಚಿದ ಬೆರಳು, ಕಂಡದ್ದನ್ನು ಕಂಡ ಹಾಗೆ ಬಿಡುತ್ತದೆಯೇ? ಉಗುರಿನಿಂದ ಅತ್ತ ಸರಿಸಿ ಇಟ್ಟಿದ್ದ. ಅವಳು ನೋಡದೆ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದಳು.

ಒಂದೇ ಅಂಗಡಿ, ನಡುವೆ ಒಂದು ಹಲಗೆ. ಇತ್ತ ಅಪ್ಪನ ಅರ, ಕೀಲಿಕೈಗಳ ಗೊಂಚಲು. ಅತ್ತ ಮಗಳ ಮೇಜು. ಅವಳೂ ಕೀಲಿ ಕೊರೆಯುತ್ತಾಳೆ, ಅಪ್ಪನಿಗಿಂತ ನುಣ್ಣಗೆ. ಆದರೆ ಬಿಡುವು ಸಿಕ್ಕರೆ ಆಯಿತು, ಮುಖ ನೋಡದ ಗೆಳೆಯರೊಂದಿಗೆ ಮತ್ತೊಂದು ಕೆಲಸ. ಅಳಿಸಿಹೋದದ್ದನ್ನು ಹುಡುಕಿ ಕೋರ್ಟಿನಲ್ಲಿ ನಿಲ್ಲುವ ಹಾಗೆ ತೋರಿಸುವ ತಂತ್ರಾಂಶವೊಂದನ್ನು ಯಾವುದೋ ಊರಿನ ಅಜ್ಜ ಬರೆದಿದ್ದ. ಒಂದು ಜಾತಿಯ ಕಂಪ್ಯೂಟರಿಗಷ್ಟೇ ಒಗ್ಗುತ್ತಿದ್ದ ಅದನ್ನು ಬೇರೆ ಜಾತಿಯವಕ್ಕೂ ಒಗ್ಗಿಸಿ, ಯಾರು ಬೇಕಾದರೂ ಹಾಕಿಕೊಳ್ಳುವ ಹಾಗೆ ಕಟ್ಟಿ ಹಂಚುವುದು ಇವರ ಬಳಗದ ಕೆಲಸ. ಅದೂ ಪುಕ್ಕಟೆ. ಆ ಕೊನೆಯ ಮಾತು ಮಾತ್ರ ಮೇಸ್ತ್ರಿಯ ಗಂಟಲಲ್ಲಿ ಮುಳ್ಳು.

ನಿನ್ನೆಯಷ್ಟೇ ಹೊಸ ಜಾತಿಯೊಂದಕ್ಕೆ ಅವಳೇ ಒಗ್ಗಿಸಿದ್ದು ಹೊರಬಿದ್ದಿತ್ತು. "ಬಿಟ್ವಿ ಅಪ್ಪಾ!" ಎಂದು ಕುಣಿದಿದ್ದಳು. ಈಗ ನೋಡಿದರೆ ಮುಖದಲ್ಲಿ ರಕ್ತವಿಲ್ಲ.

"ಕಾರ್ಡಿಗೊಂದು ಬೆರಳಚ್ಚು ಇರತ್ತೆ. ಉದ್ದದ ಒಂದು ನಂಬರು. ಒಳಗೆ ಒಂದು ಚುಕ್ಕೆ ಸೇರಿದ್ರೂ ಅದು ಬದಲಾಗತ್ತೆ. ನಾವು ತೆರೆಯೋ ಮುಂಚೆ, ತೆರೆದ ಮೇಲೆ, ಎರಡೂ ಒಂದೇ ಇರ್ಬೇಕು."

"ಗೀರು ಬೀಳಬಾರ್ದು ಅನ್ನು."

"ಹೂಂ, ಅದೇ. ಬೀಗ ಹಾಕಿದ್ರೆ ಒಳಗೆ ಯಾರೂ ಬರೆಯೋಕಾಗಲ್ಲ, ನೀನು ಅದನ್ನ ತೆಗೆದಿಟ್ಟೆ. ಸಿಕ್ಕಿದ್ದೇ ಸಮಯ ಅಂತ ಈ ಲ್ಯಾಪ್‌ಟಾಪು ಅದರೊಳಗೆ ತನ್ನ ಗುರುತು ಬರೆದ್ಬಿಡ್ತು. ನನ್ನ ಪ್ರೋಗ್ರಾಮು ಅದನ್ನ ತಡೀಬೇಕಿತ್ತು..." ಅವಳು ಕಾರ್ಡನ್ನು ಹೊರಗೆಳೆದು ನೋಡಿದಳು. "ಅಯ್ಯೋ. ನಾನು ಯಾವತ್ತೂ ಬೀಗ ಹಾಕಿದ ಕಾರ್ಡಲ್ಲೇ ಪರೀಕ್ಷೆ ಮಾಡಿದ್ದು."

"ಬೀಗ ಹಾಕಿದ ಮನೆಗೆ ಕಳ್ಳ ಬರ್ಲಿಲ್ಲ ಅಂತ ನಾಯಿಗೆ ಬಿರುದು ಕೊಟ್ಟ ಹಾಗಾಯ್ತು."

"ಸುಮ್ನಿರಪ್ಪಾ!"

ಅವಳು ವಕೀಲಮ್ಮನಿಗೆ ಫೋನು ಹಚ್ಚಿದಳು. ಲಾಂಡ್ರಿಯ ಹೆಂಗಸರ ಕೇಸು ಆಕೆಯದು. ಆವಿಯ ಕೋಣೆಗೆ ಹೊರಗಿನಿಂದ ಬೀಗ ಜಡಿದು ದುಡಿಸಿಕೊಂಡಿದ್ದರು. ಒಬ್ಬಳು ಒಳಗೇ ಬವಳಿ ಬಿದ್ದಿದ್ದಳು. ಬೀಗವೇ ಇರಲಿಲ್ಲ ಎನ್ನುತ್ತಾನೆ ಮ್ಯಾನೇಜರು, ಕ್ಯಾಮೆರಾದ ಕಾರ್ಡನ್ನೂ ಅಳಿಸಿದ್ದಾನೆ. ನಾಳೆ ಎರಡೂ ಕಡೆಯವರ ಎದುರು ಆ ಕಾರ್ಡು ತೆರೆಯಬೇಕಾದದ್ದು ವಕೀಲಮ್ಮನ ಲ್ಯಾಪ್‌ಟಾಪಿನಲ್ಲೇ, ಮಗಳು ನಿನ್ನೆ ಹೊರಬಿಟ್ಟ ತಂತ್ರಾಂಶದಲ್ಲೇ.

"ಆ ಕಾರ್ಡಿನ ಅಂಚಲ್ಲಿ ಪುಟ್ಟ ಬೀಗ ಇದೆಯಾ ಮೇಡಂ?"

ವಕೀಲಮ್ಮ ತನ್ನಲ್ಲಿದ್ದ ಫೋಟೋ ಹಿಗ್ಗಿಸಿ ನೋಡಿದಳು. "ಇದು ಉಗುರಿನಷ್ಟೇ ಇರೋ ಕಾರ್ಡಮ್ಮ. ಇದ್ರಲ್ಲಿ ಬೀಗವೇ ಇಲ್ಲ. ಯಾಕೆ?"

ಮಗಳು ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ಅರ ಕೆಳಗಿಟ್ಟ.

ಬಳಗದ ನರ್ಸಕ್ಕ ಆಸ್ಪತ್ರೆಯ ಮೆಟ್ಟಿಲಿಂದಲೇ ಕರೆಗೆ ಸೇರಿದಳು. "ವಕೀಲರಿಗೆ ಮಾತ್ರ ಹೇಳು ಕಣೆ. ಬಿಟ್ಟ ಮಾರನೇ ದಿನವೇ ವಾಪಸ್ ತಗೊಂಡ್ರೆ ಊರಿಗೆಲ್ಲ ನಗೆಪಾಟಲು. ಉಳಿದವರಿಗೆ ಮುಂದಿನ ಸಲ ಸದ್ದಿಲ್ಲದೆ ಸರಿ ಮಾಡಿ ಕೊಡೋಣ."

"ಯಾರ ಕೈಲಿ ಯಾವ ಕಾರ್ಡಿದೆಯೋ ನಮಗೇನು ಗೊತ್ತು ನರ್ಸಕ್ಕ?"

ಎಲ್ಲರಿಗೂ ಕಳಿಸುವ ಗುಂಡಿಯ ಮೇಲೆ ಮಗಳ ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಒತ್ತಿತು. ಬರೆದದ್ದನ್ನು ಅಪ್ಪನಿಗೂ ಓದಿ ಹೇಳಿದಳು: 'ನಿನ್ನೆಯದನ್ನು ಯಾರೂ ಬಳಸಬೇಡಿ. ಪರೀಕ್ಷೆಯಲ್ಲಿ ತಪ್ಪಿದ್ದು ನಾನು.' ಮೇಸ್ತ್ರಿ ಅವಳ ಪಾಲಿನ ಕೀಲಿಗಳನ್ನೂ ತನ್ನ ಕಡೆಗೆ ಎಳೆದುಕೊಂಡ.

ಅಜ್ಜನ ಸ್ವರ ಫೋನಿನಲ್ಲಿ ಕೆಮ್ಮುತ್ತ ಬಂತು. "ಮಗೂ, ಬರೀಬೇಡ ಅಂತ ತಡೆಯೋ ಸಾಲು ನನ್ನದರಲ್ಲಿ ಇತ್ತು. ಅದು ಯಾಕೆ ಬೇಕು ಅಂತ ನಾನು ಬರೆದಿಡ್ಲಿಲ್ಲ. ನಿನಗೆ ಬೇಡದ್ದು ಅನ್ನಿಸ್ತು, ಕೈಬಿಟ್ಟೆ. ಅರ್ಧ ತಪ್ಪು ನಂದೂ ಹೌದು. ಬಾ, ಕೂತ್ಕೋ, ಬರೆಯೋಣ."

ಇಡೀ ಭಾನುವಾರ ಅದೇ ಆಯಿತು. ಅವಳು ಬರೆಯುವುದು, ಅಜ್ಜ ತಿದ್ದುವುದು, ನರ್ಸಕ್ಕ ತನ್ನ ಯಂತ್ರದಲ್ಲೂ ಹಾಕಿ "ಊಹೂಂ" ಎನ್ನುವುದು. ಮೇಸ್ತ್ರಿಗೂ ಒಂದು ಹುದ್ದೆ ಸಿಕ್ಕಿತ್ತು. "ಬೀಗ ತೆಗಿ ಅಪ್ಪ" ಎಂದಾಗಲೆಲ್ಲ ಉಗುರು ಮುಂದೆ ಮಾಡುತ್ತಿದ್ದ. ಸಂಜೆ ವಕೀಲಮ್ಮ ಹೊಸದನ್ನು ಹಾಕಿಸಿಕೊಳ್ಳಲು ಲ್ಯಾಪ್‌ಟಾಪು ಹಿಡಿದು ಬಂದು ಸ್ಟೂಲಿನ ಮೇಲೆ ಕೂರುವ ಹೊತ್ತಿಗೆ, ಬೀಗ ತೆಗೆದ ಕಾರ್ಡಿನಲ್ಲೂ ಮೊದಲ ನಂಬರು, ಕೊನೆಯ ನಂಬರು ಒಂದೇ ಬಂತು. ಮಗಳು ಮತ್ತೊಮ್ಮೆ ನೋಡಿದಳು. ಮತ್ತೂ ಒಂದೇ. ನರ್ಸಕ್ಕನೂ "ಹೂಂ" ಎಂದಳು.

ಮರುದಿನ ಮಧ್ಯಾಹ್ನ ಫೋನು ಬಂದಾಗ ಕಟ್ಟೆಯ ಮುಂದೆ ಗಿರಾಕಿಯೊಬ್ಬ ನಿಂತಿದ್ದ. ವಕೀಲಮ್ಮನ ದನಿ ಅಂಗಡಿಗೆಲ್ಲ ಕೇಳಿಸಿತು.

"ಎರಡೂ ನಂಬರನ್ನ ಎದುರು ಕಡೆ ವಕೀಲರ ಬಾಯಲ್ಲೇ ಓದಿಸ್ದೆ ಕಣಮ್ಮ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಆಮೇಲೆ ಬಾಗಿಲು ಕಾಣ್ತು. ಹೊರಗಡೆಯಿಂದ ಬೀಗ. ಎಲ್ಲರೂ ನೋಡಿದ್ರು."

ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಏನ್ ಮೇಸ್ತ್ರಿಗಳೇ, ಮನೇಲಿ ಏನಾದ್ರೂ ಕೇಸಾ?" ಎಂದ ಗಿರಾಕಿ.

"ಕೇಸೂ ಇಲ್ಲ, ಗೀಸೂ ಇಲ್ಲ. ನಿಮ್ಮ ಕೀಲಿ ತಗೊಳ್ಳಿ."

ಮೇಸ್ತ್ರಿ ಮುಗಿಸಿದ ಯಾವ ಕೆಲಸವನ್ನೂ ಭೂತಗನ್ನಡಿ ಹಿಡಿದು ನೋಡದೆ ಗಿರಾಕಿಗೆ ಕೊಟ್ಟವನಲ್ಲ. ಗೀರು ಕಂಡರೆ ಬಯ್ಗುಳ. ಕಾಣದಿದ್ದರೆ ಮಾತೇ ಇಲ್ಲ, ಗಾಜು ಒರೆಸಿ ಜೇಬಿಗೆ.

ಗಿರಾಕಿ ಹೋದ ಮೇಲೆ ಅವನು ಹಲಗೆಯ ಆಚೆ ಕೈಚಾಚಿ ಪರೀಕ್ಷೆಯ ಕಾರ್ಡು ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯನ್ನು ಕಣ್ಣಿಗೆ ತಂದು, ಈ ಮಗ್ಗುಲು ನೋಡಿದ, ಆ ಮಗ್ಗುಲು ನೋಡಿದ. ಮಗಳು ನಗು ತಡೆದುಕೊಂಡು ಕಾಯುತ್ತಿದ್ದಳು. ಮೇಸ್ತ್ರಿ ಅಂಗಿಯ ಚುಂಗಿನಿಂದ ಗಾಜನ್ನು ನಿಧಾನವಾಗಿ ಒರೆಸಿ, ಜೇಬಿಗಿಟ್ಟುಕೊಂಡ.