ಎಡಗೈ ಹೆಬ್ಬೆಟ್ಟು

ಕಿರುಬೆರಳಿಗೆ ಇಪ್ಪತ್ತು ಸಾವಿರ, ಉಂಗುರದ ಬೆರಳಿಗೆ ಇಪ್ಪತ್ತೈದು, ನಡುಬೆರಳಿಗೆ ಮೂವತ್ತು, ತೋರುಬೆರಳಿಗೆ ಅರವತ್ತು, ಹೆಬ್ಬೆರಳಿಗೆ ಒಂದು ಲಕ್ಷ ಇಪ್ಪತ್ತು — ಯಾವ ಬೆರಳು ಹೋದರೆ ಎಷ್ಟು ಪರಿಹಾರ ಅಂತ ಮಾಂಸದ ಕಾರ್ಖಾನೆಯ ಗೋಡೆ ಮೇಲೆ ಬಿಡಿಸಿರುವ ಆ ಕೈ ಈಗ ಬ್ಯಾಂಕಿನ ಬಿಳಿ ಗೋಡೆ ಮೇಲೂ ಕಾಣಿಸುತ್ತಿದೆ, ಕಣ್ಣು ಮುಚ್ಚಿದರೂ ಬಿಡುವುದಿಲ್ಲ, ಬ್ಯಾಂಡೇಜಿನೊಳಗೆ ಇಲ್ಲದ ಬೆರಳು ಚುರುಚುರು ಅನ್ನುತ್ತಿದೆ, ಇಲ್ಲದ್ದು ಹೇಗೆ ನೋಯುತ್ತದೋ, ಗಡಿಯಾರದಲ್ಲಿ ಮೂರೂಕಾಲು, ನಾಲ್ಕಕ್ಕೆ ಕಾಲೇಜಿನವರು ಕಿಟಕಿ ಮುಚ್ಚುತ್ತಾರೆ, ಇವತ್ತೇ ಕೊನೇ ದಿನ, ಮಗಳು ಪಕ್ಕದಲ್ಲಿ ಕೂತು ಫೀಸಿನ ಚೀಟಿಯನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ, ಹರಿದೀತು ಕಣೇ, ಮೊದಲನೇ ವರ್ಷಕ್ಕೆ ಒಂದು ಲಕ್ಷ ಹದಿನೈದು, ಐದು ಸಾವಿರ ಉಳಿಯುತ್ತೆ, ಅವಳಿಗೊಂದು ಜೊತೆ ಬೂಟು ಬರುತ್ತೆ, ಆಸ್ಪತ್ರೆ ಓದು ಅಂದರೆ ದಿನವಿಡೀ ನಿಲ್ಲಬೇಕಂತೆ, ನಿಲ್ಲುವುದು ಅವಳಿಗೆ ನನ್ನಿಂದ ಬಂದಿದೆ, ಹದಿನಾರು ವರ್ಷ ಗರಗಸದ ಮುಂದೆ ನಿಂತಿದ್ದೇನೆ, ಮಂಜುಗಟ್ಟಿದ ತೊಡೆ, ಎಲುಬು, ಬೆನ್ನು, ಗುರ್ರ್ ಅಂತ ಸೀಳಿ ಆಚೆಗೆ, ಮುಖಕ್ಕೆ ಮೂಳೆಪುಡಿ ಎರಚಿಸಿಕೊಂಡು.

ಇದೇ ಬೆಂಚು, ಇಪ್ಪತ್ತನಾಲ್ಕು ದಿನದ ಹಿಂದೆ, ಕನ್ನಡಕದ ಮ್ಯಾನೇಜರು ಮೊದಲು ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ, ಆಮೇಲೆ ಕಂಪ್ಯೂಟರು ನೋಡಿದ, ನೋಡಿ ಕನ್ನಡಕ ತೆಗೆದು ಒರೆಸಿದ, ಅಮ್ಮಾ, ಮಗಳ ಸಾಲಕ್ಕೆ ನಿಮ್ಮ ಜಾಮೀನು ನಡೆಯಲ್ಲ, ನಿಮ್ಮ ತಮ್ಮನ ಟ್ಯಾಕ್ಸಿ ಸಾಲಕ್ಕೆ ಒತ್ತಿದ್ದೀರಲ್ಲ, ಅದರದ್ದು ಒಂದು ಕಂತೂ ಬಂದಿಲ್ಲ, ಬೇರೆ ಯಾರಾದರೂ ಇದ್ದಾರಾ, ಇವಳಪ್ಪ? ಸತ್ತೋರ ಸಹಿ ನಡೆಯುತ್ತಾ ಸಾರ್ ಅಂದೆ, ನಗಲಿಲ್ಲ ಪುಣ್ಯಾತ್ಮ. ತಮ್ಮ ಕೈ ಕೊಟ್ಟ. ಅಕ್ಕಾ ಒಂದೇ ಒಂದು ಹೆಬ್ಬೆಟ್ಟು ಒತ್ತೇ, ನಿನ್ನ ಕಾಲಿಗೆ ಬೀಳ್ತೀನಿ ಅಂದವನು, ನಾನೇ ಎತ್ತಿ ಬೆಳೆಸಿದವನು, ಕೇಳೋಕೆ ಮನೆಗೆ ಹೋದರೆ ಕೂದಲು ಹಿಡಿದು ಮೆಟ್ಟಿಲ ಮೇಲಿಂದ ದಬ್ಬಿದ, ಆರು ಮೆಟ್ಟಿಲು, ಕೊನೆಯದರ ಅಂಚಿಗೆ ಹಲ್ಲು ಬಡಿದು ಬಾಯೆಲ್ಲ ಉಪ್ಪುಪ್ಪು, ಮೇಲಿಂದ ಅವನ ಹೆಂಡತಿ, ರೀ, ಬಾಗಿಲು ಹಾಕ್ರೀ, ರಕ್ತ ಒಳಗೆ ಬಂದೀತು. ಕಾರ್ಖಾನೆ ಸೂಪರ್‌ವೈಸರನ್ನ ಕೇಳಿದೆ, ಪಕ್ಕದ ಮನೆಯವರನ್ನ, ಬಾಡಿಗೆ ಮನೆ ಯಜಮಾನಿಯನ್ನ, ಎಲ್ಲರೂ ಅಯ್ಯೋ ಪಾಪ ಅಂದರು, ಪೆನ್ನು ಯಾರೂ ಮುಟ್ಟಲಿಲ್ಲ, ನಾನೂ ಮುಟ್ಟುತ್ತಿರಲಿಲ್ಲವೇನೋ, ಬಯ್ಯೋದು ಯಾರನ್ನ. ಮೂರನೇ ದಿನ ಕೆಲಸಕ್ಕೆ ಹೋದೆ, ಎಷ್ಟು ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಇನ್ನೂ ಬ್ಯಾಂಕಿನ ನೇರಳೆ ಶಾಯಿ, ಎದುರಿಗೆ ಆ ಚಿತ್ರ, ಬ್ಯಾಂಕಿನಲ್ಲಿ ಕವಡೆ ಕಿಮ್ಮತ್ತಿಲ್ಲದ ಹೆಬ್ಬೆಟ್ಟಿಗೆ ಇಲ್ಲಿ ಒಂದು ಲಕ್ಷ ಇಪ್ಪತ್ತು, ಮೂರು ವಾರದಲ್ಲಿ ಖಾತೆಗೆ ಜಮಾ. ಎಲ್ಲ ಯೋಚಿಸಿಯೇ ಮಾಡಿದೆ, ಊಟಕ್ಕೆ ಮುಂಚೆ, ಕಾರ್ಖಾನೆ ಡಾಕ್ಟರು ಇರೋ ಹೊತ್ತು, ಹೊಸ ಬ್ಲೇಡು, ಬಲಗೈ ಬೇಡ, ಅದರಿಂದ ಇನ್ನೂ ದುಡೀಬೇಕು, ಎಡಗೈ, ತೊಡೆಯ ತುಂಡಿನ ಜೊತೆ ಮುಂದಕ್ಕೆ, ಇನ್ನೂ ಮುಂದಕ್ಕೆ, ಸದ್ದು ಕೂಡ ಬದಲಾಗಲಿಲ್ಲ, ಅದೇ ಗುರ್ರ್, ಗರಗಸಕ್ಕೇನು ಗೊತ್ತು ಯಾರ ಎಲುಬು ಅಂತ, ಆಮೇಲೆ ಬಿಸಿ, ಮೊಣಕೈವರೆಗೆ ಬಿಸಿ, ಪಕ್ಕದ ಗರಗಸದ ಉದ್ದನೆ ಅಕ್ಕ ತನ್ನ ಏಪ್ರನ್ನೇ ಹರಿದು ಸುತ್ತಿದಳು, ಕಿವಿ ಹತ್ತಿರ ಬಂದು ನೋಡಿದೆ ಕಣೇ ಬಿಕನಾಸಿ, ಎಲ್ಲಾ ನೋಡಿದೆ ಅಂದಳು, ಸೂಪರ್‌ವೈಸರು ಓಡಿ ಬಂದಾಗ ಮಾತ್ರ ಅವಳೇ ಹೇಳಿದಳು, ಇವಳ ಕೈ ಜಾರಿತು ಸಾರ್, ತುಂಡು ಜಾರುತ್ತಿತ್ತು ಸಾರ್. ಟ್ರೇಯಲ್ಲಿ ಮೂಳೆಚೂರುಗಳ ನಡುವೆ ಅದು, ಉಗುರಿಗೆ ನೇರಳೆ ಶಾಯಿ.

ಈಗ ಕನ್ನಡಕದವನು ದುಡ್ಡು ತೆಗೆಯೋ ಚೀಟಿಯ ಜೊತೆ ಶಾಯಿ ಡಬ್ಬಿ ಮುಂದಕ್ಕೆ ತಳ್ಳುತ್ತಾನೆ, ತಲೆ ಎತ್ತದೆ, ಎಡಗೈ ಹೆಬ್ಬೆಟ್ಟು ಇಲ್ಲೊತ್ತಿ ಅಮ್ಮ — ಬ್ಯಾಂಡೇಜು ಮೇಜಿನ ಮೇಲಿಡುತ್ತೇನೆ, ತಲೆ ಎತ್ತುತ್ತಾನೆ. ಥೂ ನನ್ನ ಬುದ್ಧಿಗಿಷ್ಟು. ಹೊತ್ತು ಯೋಚಿಸಿದೆ, ಡಾಕ್ಟರನ್ನ ಯೋಚಿಸಿದೆ, ಬ್ಲೇಡು ಯೋಚಿಸಿದೆ, ನನ್ನ ಹೆಸರು ಆ ಬೆರಳಲ್ಲೇ ಇದೆ ಅಂತ ಯೋಚಿಸಲಿಲ್ಲ, ನನ್ನ ಕೈಯಾರೆ ನನ್ನ ಸಹಿ ಕೊಯ್ದು ಟ್ರೇಗೆ ಹಾಕಿದೆ. ಬಲಗೈದು ಒತ್ತಬಹುದಮ್ಮ, ಆದರೆ ಇವರು ಇವರೇ ಅಂತ ಖಾತೆ ಇರೋರು ಯಾರಾದರೂ ಸಹಿ ಹಾಕಬೇಕು, ನಿಮ್ಮ ಕಡೆಯವರು ಯಾರಿದ್ದಾರೆ? ಮತ್ತೆ ಅದೇ ಮಾತು, ಅದೇ ಮೇಜು, ನಗು ಬಂತು ನನಗೆ, ಜೋರಾಗಿ ನಕ್ಕೆನೇನೋ, ಸಾಲಿನಲ್ಲಿದ್ದವರೆಲ್ಲ ತಿರುಗಿದರು, ಮೂರೂವರೆ. ನಾನಿದೀನಿ, ಮಗಳು ಎದ್ದಳು, ನನಗೆ ಖಾತೆ ಇದೆ, ಹೋದ ತಿಂಗಳು ಹದಿನೆಂಟಾಯ್ತು, ಕೊಡಿ ಪೆನ್ನು. ಕೈಯಲ್ಲಿ ಪೆನ್ನು ಹಿಡಿದು ನಿಂತೇ ಇದ್ದಾಳೆ, ಬರೆಯುತ್ತಿಲ್ಲ, ಅಮ್ಮ, ಆ ಗೋಡೆ ಮೇಲಿನ ಚಿತ್ರ, ಬುತ್ತಿ ತಂದಾಗ ನಾನೇ ಅಲ್ವಾ ಓದಿ ಹೇಳಿದ್ದು? ಅಮ್ಮ ನೋಡೇ, ನಿನ್ನ ಹೆಬ್ಬೆರಳೇ ಎಲ್ಲಕ್ಕಿಂತ ದುಬಾರಿ ಅಂತ ನಗಾಡಿದ್ದೆ, ಅಲ್ವಾ? ಕೈ ಜಾರಿತು ಕಣೇ. ಸುಳ್ಳು ಹೇಳಬೇಡ. ಟೈಮಾಗುತ್ತೆ, ಹಾಕು ಸಹಿ. ಹಾಕಿದಳು, ಹಲ್ಲು ಕಚ್ಚಿ ಹಾಕಿದಳು, ಪೆನ್ನಿನ ಮೊನೆ ಕಾಗದ ಸೀಳಿ ಕೆಳಗಿನ ಮೇಜಿಗೆ ಇಳಿಯಿತು, ಕನ್ನಡಕದವನು ಇನ್ನೊಂದು ಕಾಗದ ಕೊಟ್ಟ, ಎರಡನೇದಕ್ಕೆ ಮೆತ್ತಗೆ ಬರೆದಳು, ಇವರು ನನ್ನ ತಾಯಿ. ಬಲಗೈಯದನ್ನ ಒತ್ತಿದೆ, ಮೂರೂ ಐವತ್ತಕ್ಕೆ ಕಾಲೇಜಿನ ಕಿಟಕಿಯಲ್ಲಿ ದುಡ್ಡು ಕಟ್ಟಿದೆವು, ರಸೀದಿ ಅವಳ ಜೇಬಿನಲ್ಲಿದೆ, ನನ್ನ ಬಲಗೈ ಅವಳ ಮುಷ್ಟಿಯಲ್ಲಿದೆ, ಐದೂ ಬೆರಳು ಸೇರಿಸಿ ಹಿಂಡಿ ಹಿಡಿದಿದ್ದಾಳೆ, ಬಿಡೇ ನೋಯುತ್ತೆ ಅಂದರೂ ಬಿಡುತ್ತಿಲ್ಲ, ರಸ್ತೆ ದಾಟಿದರೂ ಬಿಡುತ್ತಿಲ್ಲ, ಒಂದು ವರ್ಷ ಸಿಕ್ಕಿತು, ಒಂದು ಹೆಬ್ಬೆರಳು ಹೋಯಿತು, ಓದು ನಾಲ್ಕು ವರ್ಷದ್ದು — ಟ್ರೇಯಲ್ಲಿ ಮೂಳೆಚೂರುಗಳ ನಡುವೆ ಅದು, ಉಗುರಿಗೆ ನೇರಳೆ ಶಾಯಿ, ನೇರಳೆ ಶಾಯಿ — ಇನ್ನೂ ಮೂರು ವರ್ಷ, ಒಂಬತ್ತು ಬೆರಳು.