ಅರ್ಧ ಪದಕದ ಹೆಸರು

ನಾನು ಒಂದು ಮನೆತನದ ಹೆಸರು. ಹುಟ್ಟಿದಾಗ ನನಗೆ ಮನೆತನವೇ ಇರಲಿಲ್ಲ.

ಇಟಲಿಯ ಪೋ ನದಿಯ ಬಯಲಿನಲ್ಲಿ ಒಂದು ಅನಾಥಾಲಯವಿತ್ತು. ಅದರ ಗೋಡೆಯಲ್ಲಿ ತಿರುಗುವ ಮರದ ತೊಟ್ಟಿಲು. ಸಾಕಲಾಗದ ತಾಯಂದಿರು ಬೀದಿಯ ಕಡೆಯಿಂದ ಅದರಲ್ಲಿ ಮಗುವನ್ನಿಟ್ಟು, ಒಳಕ್ಕೆ ತಿರುಗಿಸಿ, ಗಂಟೆ ಬಾರಿಸಿ, ಮುಖ ತೋರಿಸದೆ ಹೋಗಿಬಿಡುತ್ತಿದ್ದರು. ಒಂದು ಬೆಳಗ್ಗೆ ಗಂಟೆ ಮೊಳಗಿತು. ಸಿಸ್ಟರ್ ಪ್ಲಾಚಿದಾ ಗಂಡುಮಗುವೊಂದನ್ನು ಎತ್ತಿಕೊಂಡರು. ಹೊರಗೆ ಗಾಳಿ, ಆಗಷ್ಟೇ ಮೂಡಿದ ಬೆಳಕು. ತಮ್ಮ ಭಾಷೆಯ ಗಾಳಿಯನ್ನೂ ಬೆಳಗನ್ನೂ ಜೋಡಿಸಿ ನನ್ನನ್ನು ಉಚ್ಚರಿಸಿದರು: ವೆಂತಾಲ್ಬಾ.

"ಇದೆಂಥ ಹೆಸರು ಸಿಸ್ಟರ್? ಊರಲ್ಲಿ ಯಾರಿಗೂ ಇಲ್ಲ" ಎಂದಳು ಅಡುಗೆಯವಳು.

"ಇಲ್ಲ ಅಂತಲೇ ಇಟ್ಟೆ ಕಣೆ. ಇದ್ದಿದ್ರೆ ಆ ಮನೆಯವರು ಜಗಳಕ್ಕೆ ಬರ್ತಿದ್ರು."

ಮಗುವನ್ನು ಎಲ್ವಿಯೊ ಎಂದು ಕರೆದರು. ಅವನ ಕೊರಳಲ್ಲಿ ಮುರಿದ ಪದಕದ ಅರ್ಧ ಭಾಗವಿತ್ತು. ಇನ್ನರ್ಧ ತಾಯಿಯ ಬಳಿ. ಯಾವತ್ತಾದರೂ ಅವಳು ಬಂದು ಬಾಗಿಲ ಗಂಟೆ ಬಾರಿಸಿ, ಎರಡು ತುಂಡೂ ಕೂಡಿಕೊಂಡರೆ ಮಗು ಅವಳದು, ಅವಳ ಮನೆತನದ್ದು. ಅಂದೇ ಸಿಸ್ಟರ್ ಇಟ್ಟ ಹೆಸರಿನ ಕಥೆ ಮುಗಿಯುತ್ತಿತ್ತು. ಪಕ್ಕದ ತೊಟ್ಟಿಲುಗಳಲ್ಲಿ ನನ್ನಂಥ ಹೆಸರುಗಳು ಹಾಗೆ ಸಾಯುವುದನ್ನು ಕಂಡಿದ್ದೇನೆ. ಗಂಟೆಯ ಸದ್ದಿಗೆಲ್ಲ ಬೆಚ್ಚಿಬೀಳುವುದು ನನಗೆ ಆಗಲೇ ಅಂಟಿಕೊಂಡಿತು.

ಬೆಟ್ಟದ ಊರಿನ ರೈತರೊಬ್ಬರು ಎಲ್ವಿಯೊನನ್ನು ಸಾಕಲು ಒಯ್ದರು. ಅವನು ಕಲ್ಲುಕುಟಿಗನಾದ. ನನ್ನನ್ನು ಕೇಳಿದ ಕೂಡಲೇ ಜನಕ್ಕೆ ಗೊತ್ತಾಗುತ್ತಿತ್ತು, ಇವನು ತೊಟ್ಟಿಲಿಗೆ ಬಿದ್ದವನು ಎಂದು. "ಗಾಳಿ ಹೆತ್ತ ಮಗ" ಎಂದು ಹೋಟೆಲಿನಲ್ಲಿ ನಗುತ್ತಿದ್ದರು. ಅವನು ನನ್ನನ್ನು ಮೆಲ್ಲಗೆ, ನೆಲ ನೋಡುತ್ತ ಹೇಳುತ್ತಿದ್ದ. ಅವನನ್ನು ಮೆಚ್ಚಿದ್ದ ಅದೇ ಊರಿನ ಹುಡುಗಿ ನೋರ್ಮಾ ಮಾತ್ರ ತನ್ನ ಅಪ್ಪನಿಗೆ ಜೋರಾಗಿ ಹೇಳಿದಳು: "ಗಾಳಿ ಆದ್ರೇನಪ್ಪ, ಅತ್ತೆ ಕಾಟ ಇಲ್ವಲ್ಲ!"

ಮದುವೆಯಾಯಿತು. ಇಬ್ಬರು ಗಂಡುಮಕ್ಕಳು, ಆಮೇಲೆ ಇಡಾ ಎಂಬ ಮಗಳು. ಜ್ವರ ಬಂದು ಇಡಾ ಚಿಕ್ಕವಳಿರುವಾಗಲೇ ತೀರಿಕೊಂಡಳು. ಎಲ್ವಿಯೊ ತಾನೇ ಕಲ್ಲು ಕಡಿದು, ಅವಳ ಹೆಸರಿನ ಪಕ್ಕ ನನ್ನನ್ನು ಕೆತ್ತಿದ. ನಾನು ಕಲ್ಲಿಗೆ ಇಳಿದದ್ದು ಅದೇ ಮೊದಲು.

ಆ ಚಳಿಗಾಲ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಳು. ಮದ್ದಲೇನಾ ಎಂದು ಹೆಸರು. ಅನಾಥಾಲಯದಲ್ಲಿ ವಿಚಾರಿಸಿ ಬಂದಿದ್ದಳು. ಸೆರಗಿನಂತೆ ಹೊದ್ದ ಶಾಲಿನ ಗಂಟು ಬಿಚ್ಚಿ ಪದಕದ ಇನ್ನರ್ಧ ತೆಗೆದಳು. ಎಲ್ವಿಯೊ ತನ್ನ ಕೊರಳಿನ ತುಂಡನ್ನು ಮೇಜಿನ ಮೇಲಿಟ್ಟ. ಎರಡೂ ಕೂಡಿಕೊಂಡವು, ಗೆರೆ ಕಾಣದಂತೆ.

"ನಮ್ಮಪ್ಪ ಹೋದ್ರು. ದ್ರಾಕ್ಷಿ ತೋಟದಲ್ಲಿ ನನ್ನ ಪಾಲಿದೆ" ಎಂದಳು. "ನಮ್ಮ ಗಂದೊಲ್ಫಿ ಹೆಸರಿಗೆ ಬಂದ್ಬಿಡೋ ಮಗಾ. ಬೇರೆ ಹೆಸರಿನವನನ್ನ ನನ್ನ ಅಣ್ಣಂದಿರು ತೋಟಕ್ಕೆ ಕಾಲಿಡೋಕೆ ಬಿಡಲ್ಲ."

ತೋಟ, ಮರ್ಯಾದೆ, ಅಮ್ಮ, ಎಲ್ಲವೂ ಅವನ ಮುಂದಿತ್ತು. ನನ್ನ ಕಡೆ ಇದ್ದದ್ದು ನಗೆಪಾಟಲು ಮಾತ್ರ. ಹೆಸರಿಗೆ ಕೈಯಿಲ್ಲ, ಯಾರ ಕಾಲನ್ನೂ ಹಿಡಿಯಲಾರದು.

ಎಲ್ವಿಯೊ ಕಿಟಕಿಯಾಚೆ, ಇಗರ್ಜಿಯ ಹಿಂದಿನ ಸಮಾಧಿಗಳತ್ತ ನೋಡಿದ. "ನಾವು ನಾಲ್ಕು ಜನ ಬಂದ್ಬಿಡ್ತೀವಿ ಅಮ್ಮಾ. ಇಡಾ ಹೇಗೆ ಬರ್ತಾಳೆ? ಕಲ್ಲಿನ ಮೇಲೆ ಕೆತ್ತಿಬಿಟ್ಟಿದ್ದೀನಿ. ಊರಲ್ಲಿ ಆ ಹೆಸರಿನೋರು ಯಾರೂ ಇಲ್ಲ ಅಂದ್ರೆ ಅವಳು ಯಾರ ಮಗು? ನಾನೂ ಅವಳನ್ನ ಬಿಟ್ಟುಹೋದ ಹಾಗಾಗಲ್ವಾ?"

ಮದ್ದಲೇನಾ ಗೋಡೆ ಹಿಡಿದು ಕುಳಿತಳು. ನೋರ್ಮಾ ಅವಳ ಮುಂದೆ ಬಟ್ಟಲಿಟ್ಟಳು. "ಮೊದಲು ಸೂಪು ಕುಡೀರಿ ಅತ್ತೆ, ಆರಿಹೋಗುತ್ತೆ."

ತೋಟ ಅಣ್ಣಂದಿರ ಪಾಲಾಯಿತು. ಮುದುಕಿ ಅಲ್ಲೇ ಉಳಿದಳು. ಮುಂದೆ ದೊಡ್ಡ ಮಗ ನನ್ನನ್ನು ಪಶ್ಚಿಮದ ಭತ್ತದ ಬಯಲಿಗೆ ಒಯ್ದ, ಚಿಕ್ಕವನು ಜೆನೋವಾ ಬಂದರಿಗೆ. ಮೊಮ್ಮಕ್ಕಳ ಜೊತೆ ತೊರಿನೊದ ಕಾರ್ಖಾನೆಗಳಿಗೂ ಹೋದೆ. ಎಲ್ಲ ಕಡೆಯೂ ನಾನಿದ್ದದ್ದು ಒಂದೊಂದೇ ಬಾಗಿಲ ಮೇಲೆ. ಆ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ನನ್ನ ಜೀವ ಹಾರುತ್ತಿತ್ತು. ಬಂದರಿನಲ್ಲಿ ಈಗ ನಾನಿಲ್ಲ. ಉಳಿದೆಡೆ ಎಷ್ಟು ದಿನವೋ.

ಹಳೆಯ ಊರಿನಲ್ಲಿ ಮಾತ್ರ ಎಲ್ವಿಯೊ ಕೆತ್ತಿದ ಎರಡು ಕಲ್ಲುಗಳ ಮೇಲೆ ಮಲಗಿದ್ದೇನೆ. ಒಂದು ಇಡಾಳದು. ಇನ್ನೊಂದನ್ನು ಕೆತ್ತುವಂತೆ ಮದ್ದಲೇನಾಳೇ ಕೇಳಿಕೊಂಡಿದ್ದಳು: "ನನಗೂ ಅದೇ ಹೆಸರು ಹಾಕೋ. ಪಕ್ಕದಲ್ಲಿ ಮಲಗಿದೋಳು ಯಾರೋ ಅಂತ ಮಗು ಹೆದರಿಕೊಳ್ಳಬಾರದು."

ಪಾಚಿ ನನ್ನ ಮೊದಲ ಅಕ್ಷರವನ್ನು ತಿಂದಿದೆ. ಇಗರ್ಜಿಯ ಗಂಟೆಗೆ ಈಗಲೂ ಬೆಚ್ಚುತ್ತೇನೆ. ಬರಬೇಕಾದವಳು ಬಂದು ನನ್ನ ಕೆಳಗೇ ಮಲಗಿದ್ದಾಳೆ ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ.